ಆರ್ಕುಟ್‌ನ್ಯಾಗ ಅವ್ವನ ಫೋಟೋ

ಸಂಕೇಶ್ವರ
3-8-2008

ಮಾತಾಜಿಗೆ ವಂದಾಮಿ,

ಮೊದಲ 'ಪ್ರೀತಿಯ ಅವ್ವಾ' ಅಂತ ಬರದಿದ್ದೆ, ಹೊಡದು ಹಾಕೇನಿ, ಸಿಟ್ಟಾಗಬ್ಯಾಡ್ರಿ. ನೀವು ದೀಕ್ಷಾ ತಗೊಂಡು ಮೂರು ವರ್ಷ ಆತು, ನನ್ನ ಕೈಗೆ ಇನ್ನೂ ಹಳೇ ಚಾಳಿ ಹೋಗವಲ್ದು. ಆರೋಗ್ಯ ಹೆಂಗೈತ್ರಿ? ಬರಿಗಾಲಾಗ ಅಷ್ಟು ದೂರ ನಡದು ಮೊಣಕಾಲು ಬಾತಾವಂತ ಕೇಳಿದೆ. ದಿನಕ್ಕ ಒಂದ ಹೊತ್ತಿನ ಆಹಾರ, ಅದೂ ಅಂಗೈಯಾಗ ಹಿಡಿದಷ್ಟು. ನಾ ಇಲ್ಲಿ ಎರಡನೇ ಸಲ ಬಡಿಸ್ಕೊಳ್ಳೂವಾಗ ನೆನಪಾಗಿ ಕೈ ತಡೀತೈತಿ. ಚಾತುರ್ಮಾಸಕ್ಕ ಕೌಜಲಗಿಯೊಳಗ ನಾಕು ತಿಂಗಳು ನಿಂತೀರಿ ಅಂತ ಗೊತ್ತಾತು. ಉಳದ ದಿನ ನಿಮಗ ವಿಳಾಸನ ಇರೂದಿಲ್ಲ, ಅದಕ್ಕ ಈಗ ಬರ್ಯಾಕತ್ತೇನಿ.

ಸರಿತಾ ಹುಡುಗರನ್ನ ಕರ್ಕೊಂಡು ಪಂಚಮಿಗೆ ತವರಿಗೆ ಹೋಗ್ಯಾಳ. ಮನಿಯಾಗ ನಾನೊಬ್ಬನ. ನೀವು ಕಲಿಸಿದ ಮಸಾಲಿ ಖಾರ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ್ದು, ಈಗೂ ಹಂಗ ಕುಟ್ಟಿಸಿ ಅಂಗಡ್ಯಾಗ ಮಾರ್ತೇನಿ. ಆದ್ರ ಕಂಪನಿ ಪಾಕೀಟಿನ ಖಾರ ಬಂದಮ್ಯಾಲ ಗಿರಾಕಿ ಕಡಿಮಿ ಆದ್ರು. ಸೈಬರ್ ಕೆಫೆ ಲಗಮಣ್ಣ ಗಂಟುಬಿದ್ದ: 'ಅಣ್ಣಾರ, ಆರ್ಕುಟ್‌ನ್ಯಾಗ ಹಾಕ್ರಿ, ಪುಣೆ ತನಕ ಮಂದಿ ನೋಡ್ತಾರ.' ಅದು ಕಂಪ್ಯೂಟರಿನ್ಯಾಗ ಮಂದಿ ತಮ್ಮ ಫೋಟೋ ಹಚ್ಚಿ ಒಬ್ಬರಿಗೊಬ್ಬರು ಬರಕೊಳ್ಳೂ ಜಾಗಾ. ನನಗ ಅಂಜಿಕಿ ಆತು. ಅಂಗಡ್ಯಾಗ ಕುಂತ್ರ ಗಿರಾಕಿ ಮಾರಿ ನೋಡಿ ಮಾತಾಡಬಹುದು, ಅಲ್ಲಿ ಯಾರು ನೋಡ್ತಾರ, ಹಿಂದಿಂದ ಏನಂತಾರ, ಯಾರಿಗೆ ಗೊತ್ತು? ನನ್ನ ಮಾರಿ ಹಾಕಾಕಂತೂ ನಾಚಿಕಿ. ಇದನ್ನ ನೋಡಿ ಯಾರು ಖಾರ ತಗೋತಾರ್ರಿ? ಅದಕ್ಕ ನಿಮ್ಮ ಫೋಟೋ ಹಾಕಿಸಿ, ಕೆಳಗ 'ಅವ್ವನ ಕೈಯ ಖಾರ' ಅಂತ ಬರಸಿದೆ.

ಮನಿಯಾಗಿನ ಫೋಟೋ ಎಲ್ಲಾ ದೀಕ್ಷಾದ ಹಿಂದಿನ ದಿನ ನೀವ ಗ್ವಾಡಿಯಿಂದ ಇಳಿಸಿ ಹಿರಣ್ಯಕೇಶಿ ಹೊಳಿಗೆ ಬಿಟ್ರಿ. 'ಮೋಹ ಉಳೀಬಾರದು ಗೊಮ್ಮಟೇಶ, ಮನಿಯಾಗ ಒಂದೂ ಇಡಬ್ಯಾಡ' ಅಂತ ನನ್ನ ಕಡಿಂದ ಮಾತು ತಗೊಂಡ್ರಿ. ಕೊಲ್ಲಾಪುರದ ಅತ್ತಿಯವರ ಅಲ್ಬಮ್‌ದಾಗ ಒಂದು ಸಿಕ್ತು: ಹಸರು ಇಳಕಲ್ಲ ಸೀರಿ, ತಲಿ ಮ್ಯಾಲ ಸೆರಗು, ಯಾರಿಗೋ ನಗಾಕತ್ತೀರಿ. ಲಗಮಣ್ಣ ಅದನ್ನ ಕಂಪ್ಯೂಟರಿಗೆ ಇಳಿಸಿಕೊಂಡ, ಅಲ್ಬಮ್ ವಾಪಸ್ ಕಳಿಸಿದೆ.

ಖರೇನ ಆರ್ಡರ್ ಬಂದ್ವು, ಇಚಲಕರಂಜಿ, ಪುಣೆ ಕಡಿಂದ. ಆದ್ರ ಬಸದಿ ಪಂಚರು ರಾವಸಾಹೇಬ ಕಾಕಾ ಅದಾರಲ್ರಿ, ಅವರ ಮಗ ಪುಣೆದಾಗ ಅದನ್ನ ನೋಡಿ ಅಪ್ಪಗ ಫೋನ್ ಮಾಡ್ಯಾನ. ಕಾಕಾ ಅಂಗಡಿಗೆ ಬಂದು ಮಂದಿ ಮುಂದ ಉಗದ್ರು: 'ಎಲ್ಲಾ ತ್ಯಾಗ ಮಾಡಿದ ಮಾತಾಜಿ ಮಾರಿ ತೋರಿಸಿ ಖಾರ ಮಾರ್ತಿಯೇನೋ? ನಾಚಿಕಿ ಬರೂದಿಲ್ಲೇನು?' ದೀಕ್ಷಾಕ್ಕಿಂತ ಮೊದಲಿನ ಫೋಟೋ ಅಂದ್ರೂ ಕೇಳಲಿಲ್ಲ. ಅವತ್ತಿಂದ ನಮ್ಮ ಮಂದಿ ಅಂಗಡಿ ಮೆಟ್ಟಲು ಹತ್ತಿಲ್ಲ. ನಿನ್ನಿ ಬಸದಿಯಾಗ ಅಭಿಷೇಕಕ್ಕ ನಿಂತ್ರ ಬಾಜೂದವರು ಸರದು ನಿಂತ್ರು. ಭಾಳ ಒಂಟಿ ಅನಸ್ತೈತ್ರಿ. ಆದ್ರ ಕಾಕಾ ಅಂದದ್ದು ಬರೋಬರಿ, ತಪ್ಪು ನನ್ನದ. ನಾಳೆ ಕೆಫೆ ತಗದ ಕೂಡ್ಲೆ ಫೋಟೋ ಅಳಿಸಸ್ತೇನಿ. ಕ್ಷಮಾ ಮಾಡ್ರಿ.

ನಿಮ್ಮ ವ್ರತ ಸುಸೂತ್ರ ನಡೀಲಿ. ಸರಿತಾ, ಹುಡುಗರು ಊರಿಗೆ ಹೋಗೂವಾಗ ವಂದಾಮಿ ಹೇಳ್ಯಾರ.

ನಿಮ್ಮ ಶ್ರಾವಕ,
ಗೊಮ್ಮಟೇಶ

ತಾ.ಕ.: ಪಾಕೀಟು ಅಂಟಿಸೂದರಾಗ ಖರೆ ಹೇಳಿಬಿಡತೇನಿ. ಖಾರಕ್ಕಂತ ಹಾಕಿದ್ದಲ್ಲವ್ವಾ. ಮನಿಯಾಗ ಇಡೂದಿಲ್ಲಂತ ಮಾತು ಕೊಟ್ಟಿದ್ದೆ, ಲಗಮಣ್ಣನ ಕಂಪ್ಯೂಟರಿನ್ಯಾಗ ಇಡೂದಿಲ್ಲಂತ ಕೊಟ್ಟಿರಲಿಲ್ಲ. ದಿನಾ ಮಧ್ಯಾಹ್ನ ಆರ್ಡರ್ ನೋಡಿ ಬರ್ತೇನಂತ ಸರಿತಾಗ ಹೇಳಿ ಹೋಗಿ, ಒಂದೊಂದು ತಾಸು ನಿನ್ನ ನೋಡ್ಕೊಂತ ಕುಂಡರತಿದ್ದೆ. ನಾಳಿಂದ ಅದೂ ಇಲ್ಲ. ಪಂಚಮಿ ಮುಗದಮ್ಯಾಲ ದರ್ಶನಕ್ಕ ಬಂದು ಮಂದಿ ಸಾಲಿನ್ಯಾಗ ನಿಂದರತೇನಿ. ಮಗಾ ಅಂತ ಕರೀಬ್ಯಾಡ. ಎಲ್ಲಾರಿಗೂ ಅಂದಂಗ 'ಸದ್ಧರ್ಮ ವೃದ್ಧಿರಸ್ತು' ಅನ್ನು, ಸಾಕು. ಆದ್ರ ನನ್ನ ಮಾರಿ ನೋಡಿ ಅನ್ನವ್ವಾ.