ಗುರುಬಾಯಿ ತರುವ ಡಬ್ಬಿ

ವಿಕ್ರೋಳಿ,
ಮಂಗಳವಾರ ಬೆಳಗ್ಗೆ

ಪ್ರೀತಿಯ ಅವ್ವನಿಗೆ, ನಿನ್ನ ಮೊಣಕಾಲು ನೋವಿಗೂ ಆರು ವರ್ಷದ ಸಿಟ್ಟಿಗೂ ಸೇರಿಸಿ ಶಿವಕುಮಾರಿಯ ನಮಸ್ಕಾರ.

ಡಬ್ಬಿಯಲ್ಲಿ ಕಾಗದ ಕಂಡು ಎದೆ ಒಡೆದುಕೊಳ್ಳಬೇಡ. ಅಪ್ಪ ಚೆನ್ನಾಗಿಯೇ ಇದ್ದಾರೆ. ಈಗಷ್ಟೇ ಚಹಾ ಸಪ್ಪಗಿದೆ ಎಂದು ನನ್ನ ಮೇಲೆ ರೇಗಿದರು. ಈ ಮನೆಯಲ್ಲಿ ಸಕ್ಕರೆ ಯಾಕೆ ಇಷ್ಟು ಬೇಗ ಮುಗಿಯುತ್ತದೋ ಎಂದು ನಾನೂ ರೇಗಿದೆ.

ಫೋನ್ ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿಯೇ ಮಾತಾಡುವವಳು, ಪಕ್ಕದಲ್ಲಿ ಅಣವೀರಪ್ಪ ಮಾಮಾ ಕೂತಿರುತ್ತಾರೆ. ಆರು ವರ್ಷದ ಹಿಂದೆ ಸ್ಲ್ಯಾಬ್ ಹಾಕುವ ದಿನ ಸೈಟ್ ಬಿಟ್ಟು ಬರಲಾಗದೆಂದು ಅಜ್ಜಿಯ ಮಣ್ಣಿಗೆ ಬಾರದ ಅಪ್ಪನ ಹೆಸರನ್ನು, ನೀನು ಆಗ ಹೋಗಿ ಸೇರಿದ ಗ್ರಾಂಟ್ ರೋಡಿನ ಮಾಮಾನ ಮನೆಯಲ್ಲಿ ಎತ್ತುವಂತಿಲ್ಲ. ಅವರಿಗೆ ನೀನು ಕದ್ದು ಔಷಧಿ ಕಳಿಸುತ್ತೀ ಎಂದು ಮಾಮಾನಿಗೆ ತಿಳಿದರೆ ನಿನ್ನ ಗತಿಯೇನು?

ಹೌದು, ನನಗೆ ಗೊತ್ತಾಯಿತು. ಭಾನುವಾರ ನನಗೆ ಆಫೀಸ್ ಇರಲಿಲ್ಲ. ಅಡಿಗೆಮನೆಯಿಂದ ಸೀದ ಅಜವಾನದ ವಾಸನೆ ಬಂತು. ಹೋಗಿ ನೋಡಿದರೆ ಅಪ್ಪ ಚಹಾದ ಪಾತ್ರೆಯಲ್ಲಿ ಏನೋ ಪುಡಿ ಕುದಿಸುತ್ತಿದ್ದರು. ಅಜವಾನವನ್ನು ಅಷ್ಟು ಕರ್ರಗೆ ಹುರಿಯುವವರು ಮುಂಬೈಯಲ್ಲಿ ಬೇರೆ ಯಾರಿದ್ದಾರೆ ಹೇಳು. ನಮ್ಮ ಚಾಳಿನಿಂದ ನಿಮ್ಮ ಬಿಲ್ಡಿಂಗಿಗೆ ಕೆಲಸಕ್ಕೆ ಬರುವ ಗುರುಬಾಯಿಯನ್ನು ಹಿಡಿದು ಕೇಳಿದೆ. ದೀಪಾವಳಿಯಿಂದ ಪ್ರತಿ ಮಂಗಳವಾರ ನೀನು ಅಮೃತಬಳ್ಳಿ, ಇನ್ನೇನೇನೋ ಕುಟ್ಟಿ ತುಂಬಿದ ಡಬ್ಬಿ ಕೊಡುತ್ತೀಯಂತೆ. ಊರಿನ ವೈದ್ಯರದ್ದೆಂದು ಹೇಳಿ ಕೊಡು, ನನ್ನ ಹೆಸರು ಎತ್ತಬೇಡ ಎಂದಿದ್ದೀಯಂತೆ. ಅವಳು ಹಾಗೆಯೇ ಹೇಳಿದ್ದಾಳೆ, ಅಪ್ಪ ನಂಬಿದ್ದಾರೆ. ಆ ಮಟ್ಟಿಗೆ ನಿಶ್ಚಿಂತೆಯಿಂದಿರು.

ನಿಶ್ಚಿಂತೆಯಿಂದ ಇರಲಾಗದ ಮಾತು ಬೇರೆ ಇದೆ. ಹೋದ ವಾರದ ರಕ್ತಪರೀಕ್ಷೆಯಲ್ಲಿ ಅಪ್ಪನ ಲಿವರಿಗೆ ಪೆಟ್ಟು ಬಿದ್ದಿದೆ ಎಂದು ಬಂತು. ಕ್ಯಾನ್ಸರಿನ ಇಂಜೆಕ್ಷನ್ನಿನಿಂದಲೇ ಹೀಗಾಗಿರಬೇಕು ಎಂದು ಡಾಕ್ಟರ್ ಅದನ್ನೂ ಗುಳಿಗೆಯನ್ನೂ ನಿಲ್ಲಿಸಿದ್ದಾರೆ. ಮತ್ತೆ ಶುರುಮಾಡುವುದೋ, ಪೂರ್ತಿ ಕೈಬಿಡುವುದೋ ಗುರುವಾರ ತೀರ್ಮಾನಿಸುತ್ತಾರೆ. ಮೂತ್ರಪಿಂಡದ ಗಡ್ಡೆ ಕುಗ್ಗುತ್ತಿದ್ದದ್ದು ಆ ಎರಡರಿಂದಲೇ ಅವ್ವ. ನನಗೆ ಭಯವಾಗುತ್ತಿದೆ. ಲೋಕಲ್ ರೈಲಿನಲ್ಲಿ ನಿಂತಲ್ಲೇ ಅಳು ಬರುತ್ತದೆ.

ಇಂಜೆಕ್ಷನ್ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ ಎಂದು ನಿನಗೆ ಹೇಳಿದವಳು ನಾನೇ. ಕೊರೋನಾ ಕಾಲದಲ್ಲಿ ಟಿವಿಯವರೂ ಅದೇ ಶಕ್ತಿಯ ಮಾತಾಡಿ ಎಲ್ಲರಿಗೂ ಅಮೃತಬಳ್ಳಿ ಕುಡಿಸಿದರು. ನೀನು ಎರಡನ್ನೂ ಕೂಡಿಸಿದೆ. ಹಾಗಾಗಿ ನಿನ್ನನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ. ಆದರೆ ಡಾಕ್ಟರ್ ನನಗೆ ಪೂರ್ತಿ ಹೇಳಿದ್ದನ್ನು ನಾನು ನಿನಗೆ ಅರ್ಧವೇ ಹೇಳಿದ್ದೆ.

ನಮ್ಮ ಮೈ ಕಾಯುವ ಕಣಗಳು ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಆ ಸಂದೇಶ ಹೊರುವ ಅಣುಗಳಿಗೆ ಸೈಟೊಕೈನ್ ಎನ್ನುತ್ತಾರೆ. ಕೈ ಕೊಯ್ದುಕೊಂಡರೆ, ಇಲ್ಲಿ ಗಾಯವಾಗಿದೆ, ಹೊಸ ರಕ್ತನಾಳ ಬೆಳೆಯಲಿ ಎನ್ನುವ ಸಂದೇಶಗಳಿವೆ. ಸಾಕು, ಬೆಳೆಯಬೇಡಿ ಎನ್ನುವವೂ ಇವೆ. ಗಡ್ಡೆ ಆ ಕಾವಲುಗಾರರಲ್ಲಿ ಕೆಲವರನ್ನು ತನ್ನ ಕಡೆ ಒಲಿಸಿಕೊಳ್ಳುತ್ತದೆ. ಅದನ್ನು ಮಾಯದ ಗಾಯವೆಂದು ತಿಳಿದು ಅವರೇ ರಕ್ತನಾಳ ಬೆಳೆಸುವ ಸಂದೇಶ ಕಳಿಸುತ್ತಾರೆ. ಗಡ್ಡೆ ಆ ರಕ್ತ ಉಂಡು ಕೊಬ್ಬುತ್ತದೆ. ಇದನ್ನು ಕೇಳಿ ಬಂದ ದಿನ ಅಪ್ಪ, "ಅಂದ್ರ ಕಾರ್ಪೊರೇಶನ್ ಮಂದೀನ ನಿಂತು ಕಳ್ಳ ನಳ ಹಾಕಿಸಿಕೊಟ್ಟಂಗಾತಲ್ಲವಾ" ಎಂದು ನಕ್ಕಿದ್ದರು. ಆ ನಳ ಮುಚ್ಚುವುದಕ್ಕೆ ಗುಳಿಗೆ, ಕಾವಲಿನವರು ಗಡ್ಡೆಯ ಮೇಲೆ ತಿರುಗಿ ಬೀಳುವುದಕ್ಕೆ ಇಂಜೆಕ್ಷನ್. ಸುಮ್ಮನೆ ಶಕ್ತಿ ಹೆಚ್ಚಿಸುತ್ತೇವೆಂದು ಎಲ್ಲರನ್ನೂ ಬಡಿದೆಬ್ಬಿಸಿದರೆ ಯಾರು ಯಾರ ಪರವಾಗಿ ಕೂಗುತ್ತಾರೋ ಹೇಳಲಾಗದು.

ನಿನ್ನೆ ಡಾಕ್ಟರಿಗೆ ಪುಡಿಯ ವಿಷಯ ತಿಳಿಸಿದೆ. ಅಮೃತಬಳ್ಳಿಯಿಂದ ಕೆಲವರ ಲಿವರ್ ಕೆಟ್ಟದ್ದುಂಟಂತೆ. ಇಲ್ಲೂ ಅದೇ ಆಗಿದ್ದರೆ ಇಂಜೆಕ್ಷನ್ನಿನ ತಪ್ಪಿಲ್ಲ, ಮತ್ತೆ ಕೊಡುವ ದಾರಿಯಿದೆ. ಆದರೆ ಪುಡಿಯಲ್ಲಿ ಏನೇನಿದೆ ಎಂದು ತಿಳಿಯದೆ ಅವರು ಏನನ್ನೂ ಹೇಳುವುದಿಲ್ಲ. ಅಪ್ಪ ಉಳಿದ ಪುಡಿಯನ್ನೆಲ್ಲ ಮೋರಿಗೆ ಸುರಿದು, ಡಬ್ಬಿ ತಿಕ್ಕಿ ತೊಳೆದು ಕೂತಿದ್ದಾರೆ. ನಾನು ಬೈಯುತ್ತೇನೆಂದು ಇರಬೇಕು. ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರ್ ಪ್ರತಿ ಸಲ ಕೇಳಿದಾಗಲೂ ಇಲ್ಲ ಎಂದೇ ತಲೆಯಾಡಿಸಿದವರು! ಯಾಕೆ ಮುಚ್ಚಿಟ್ಟಿರಿ ಎಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ.

ಆದ್ದರಿಂದ ಇವತ್ತಿನಿಂದ ಆ ಪುಡಿ ಬೇಡ. ನಿನ್ನ ಹತ್ತಿರ ಉಳಿದಿರುವುದನ್ನು, ತಂದ ಪೊಟ್ಟಣಗಳ ಸಮೇತ, ಗುರುಬಾಯಿಯ ಕೈಯಲ್ಲಿ ಇವತ್ತೇ ಕೊಟ್ಟು ಕಳಿಸು. ಸಾಧ್ಯವಾದರೆ ಗುರುವಾರ ನೀನೇ ಬಾ. ದಾದರಿನ ಸೇತುವೆಯ ಮೇಲೆ ನಿಂತಿರುತ್ತೇನೆ. ಅಪ್ಪನ ಜೊತೆ ಮಾತಾಡಬೇಡ, ಡಾಕ್ಟರ್ ಜೊತೆ ಮಾತಾಡಿದರೆ ಸಾಕು.

ನಿನ್ನ ಮಗಳು,
ಶಿವಿ

ತಾ.ಕ.: ಕಾಗದ ಇಡಲೆಂದು ಡಬ್ಬಿ ತೆಗೆದೆ. ಒಳಗೆ ಆಗಲೇ ಒಂದು ಹಿಡಿ ಸಕ್ಕರೆ ಇತ್ತು. ಖಾಲಿ ಡಬ್ಬಿ ಮರಳಿಸಬಾರದೆಂದು ಗುರುಬಾಯಿಯೇ ಪ್ರತಿ ವಾರ ಸಕ್ಕರೆ ಹಾಕಿ ತರುತ್ತಾಳೆ ಎಂದು ನೀನು ತಿಳಿದಿದ್ದೀಯಂತೆ. ಬಾಗಿಲಲ್ಲಿ ನಿಂತಿದ್ದ ಅವಳೇ ಹಾಗೆಂದಳು. ಹಾಗಾದರೆ ಈ ಸಕ್ಕರೆ ಯಾರದು ಎಂದು ಕೇಳಿದೆ. "ನಂದಲ್ಲ ತಂಗಿ, ಮೊದಲನೇ ವಾರದಿಂದ ನಿಮ್ಮಪ್ಪಾರ ಹಾಕಿ ಕೊಡ್ತಾರ. ನೀಲಾಬಾಯಿದು ಡಬ್ಬಿ ಖಾಲಿ ಒಯ್ಯಬ್ಯಾಡ ಅಂತಾರ" ಎಂದಳು. ನಿನ್ನ ಹೆಸರು ಹಿಡಿದೇ ಹೇಳುತ್ತಾರಂತೆ. ಅಪ್ಪನ ಕಡೆ ತಿರುಗಿ, ಗೊತ್ತಿದ್ದೂ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದೆ. ಈ ಸಲ ಉತ್ತರ ಕೊಟ್ಟರು: "ಹೇಳಿದ್ರ ಡಬ್ಬಿ ಬರೂದು ನಿಂತ್ ಹೋಗತಿತ್ತಲ್ಲ."