ಮೂರು ಗಂಟೆಯವರೆಗಿನ ಟಿಕ್ಕು

ರೀ,

ಪಾಪು ಇನ್ನೂ ಮಲಗಿದ್ದಾಳೆ, ಎಬ್ಬಿಸಬೇಡಿ. ದ್ರಾಕ್ಷಿ ಸೀಳಿಯೇ ಕೊಡಿ, ಹೇಳಿ ಹೇಳಿ ನನ್ನ ಬಾಯಿ ನೋಯ್ತಿದೆ.

ಊಟ ಯಾಕೆ ಬಿಟ್ಟೆ ಅಂತ ಕೇಳಿದ್ರಲ್ಲ? ನಿನ್ನೆ ನಾನು ಕೆಲಸ ಮಾಡೋ ಶಿಶುವಿಹಾರದಲ್ಲಿ ಮಲಗಿದ್ದ ಮಗುವೊಂದರ ಮುಖದ ಮೇಲೆ ಹೊದಿಕೆ ಬಿದ್ದು ಉಸಿರು ಕಟ್ಟಿತ್ತು. ಪುಣ್ಯಕ್ಕೆ ಉಳೀತು. ಆಗಿನ್ನೂ ಎರಡು ಗಂಟೆ. ಹತ್ತು ನಿಮಿಷಕ್ಕೊಮ್ಮೆ ಮಲಗಿದ ಮಕ್ಕಳನ್ನ ನೋಡಿ ಪಟ್ಟಿಯಲ್ಲಿ ಹಾಕಬೇಕಾದ ಟಿಕ್ಕನ್ನ ನಾನು ಮೂರು ಗಂಟೆವರೆಗೂ ಮೊದಲೇ ಹಾಕಿಟ್ಟಿದ್ದೆ. ಅಲ್ಲಿ ಎಲ್ಲರೂ ಹಾಗೇ ಮಾಡ್ತೀವಿ.

ಇವತ್ತು ಲೈಸೆನ್ಸ್ ತಪಾಸಣೆಯವರು ಬರ್ತಾರೆ. ಟಿಕ್ಕಿನ ಬಗ್ಗೆ ಬಾಯಿ ಬಿಡಬೇಡ ಅಂದಿದ್ದಾರೆ ನಮ್ಮ ಮೇಡಂ. ನಾನು ಬಾಯಿ ಬಿಡ್ತೀನಿ. ಕೆಲಸ ಹೋದರೆ ಬೈಬೇಡಿ.

ಪಾಪು ಏಳೋವರೆಗೂ ಆಗಾಗ ಹೋಗಿ ಬೆನ್ನ ಮೇಲೆ ಕೈಯಿಟ್ಟು ನೋಡಿ. ಕೂತಲ್ಲಿಂದಲೇ "ನೋಡಿದೆ" ಅನ್ನಬೇಡಿ. ನಾನೂ ಹಾಗೇ ಅಂದಿದ್ದೆ.