ಕತ್ತರಿಸಿ ಕೊಟ್ಟ ಕೂದಲು

ಜೂನ್ ೧೪, ಶನಿವಾರ.

ನಾನು ಕೊಟ್ಟ ಕರುವಿನ ಕೂದಲು ಪರೀಕ್ಷೆಗೆ ಆಗಲಿಲ್ಲವಂತೆ. ತಾಯಿ ಸತ್ತ ಆ ಹೋರಿಗರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿದವಳು ನಾನು. ಮಗ ಅದರ ಬಾಲದ ಕೂದಲು ಕಿತ್ತು ಕೊಡು ಅಂದರೆ ಕೈಯೇ ಬರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿ ಕೊಟ್ಟಿದ್ದೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮೊಮ್ಮಗಳು ಇವತ್ತು ತಾನೇ ಬಂದಳು.

"ಅಜ್ಜೀ, ಕೂದಲಿನ ಬುಡದಲ್ಲೇ ಕಣೇ ಜೀನು ಸಿಗೋದು. ಅದ್ರಲ್ಲಿ ಚೆನ್ನಾಗಿ ಮೈಕೈ ತುಂಬೋ ಗುರುತಿದ್ರೆ ಅಪ್ಪ ತಳಿಗೆ ಇಟ್ಕೋತಾನೆ. ಇಲ್ದಿದ್ರೆ ಮಾಂಸದ ಲಾರಿಗೆ."

"ನೀನು ಹುಟ್ಟಿದಾಗ ಬೆಕ್ಕಿನ ಮರಿಯಷ್ಟಿದ್ದೆ. ನಿನ್ನ ಕೂದಲು ಯಾರೇ ಕಿತ್ತು ನೋಡಿದ್ರು?"

ನಕ್ಕಳು. ಆದರೂ ಕಿತ್ತಳು. ಕರು ಬೆಚ್ಚಿ ನನ್ನ ಕಂಕುಳಲ್ಲಿ ಮೂತಿ ತೂರಿಸಿತು. ಅವಳ ಕಣ್ಣೂ ಒದ್ದೆಯಾಯಿತು. ಧೂಳು ಅಂದಳು ಕಳ್ಳಿ.

"ಗುರುತು ಸಿಗದಿದ್ರೆ?" ಅಂದೆ.

"ಅಪ್ಪನ ಹತ್ರ ನಾನೇ ಜಗಳ ಆಡ್ತೀನಿ. ನಿನ್ನ ಬಾಯಿ ನಂಗೆ ಬಂದಿದೆ, ಅದಕ್ಕೆ ಪರೀಕ್ಷೆ ಬೇಕಿಲ್ಲ."

ಫಲಿತಾಂಶಕ್ಕೆ ಎರಡು ವಾರ. ಅಲ್ಲಿಯವರೆಗೆ ಮಗನಿಗೆ ಕಾಣದ ಹಾಗೆ ಹಿಂಡಿಯನ್ನು ಒಂದು ಹಿಡಿ ಹೆಚ್ಚಿಗೆ ಹಾಕುತ್ತೇನೆ. ರಕ್ತದಲ್ಲಿ ಇಲ್ಲದಿದ್ದರೂ ನನ್ನ ಹಟಕ್ಕಾದರೂ ಬೆಳೆಯಲಿ, ನನ್ನ ಬಂಗಾರ.